ಆಫ್ರಿಕನ್ ಗ್ರೇ ಗಿಳಿಗೆ ಕ್ಯಾಲ್ಸಿಯಂ: ಕಾಳು, ಪಲ್ಲೆ ಮತ್ತು ಬಿಸಿಲಿನ ಲೆಕ್ಕ

ಪ್ರಶ್ನೆ: ನಮ್ಮದು ಹುಬ್ಬಳ್ಳಿ. ಮನೆಯಲ್ಲಿ ಆರು ವರ್ಷದ ಆಫ್ರಿಕನ್ ಗ್ರೇ ಗಿಳಿಯಿದೆ. ಸೂರ್ಯಕಾಂತಿ ಬೀಜ, ಶೇಂಗಾ, ಹಸಿಮೆಣಸಿನಕಾಯಿ ಮತ್ತು ಜೋಳದ ರೊಟ್ಟಿಯ ಚೂರು ಅದರ ನಿತ್ಯದ ಆಹಾರ. ಕಳೆದ ತಿಂಗಳು ಒಂದು ಸಂಜೆ ಅದು ಕೂತ ಕೋಲಿನಿಂದ ಕೆಳಗೆ ಬಿದ್ದು ಅರ್ಧ ನಿಮಿಷ ರೆಕ್ಕೆ ಬಡಿಯುತ್ತ ನಡುಗಿತು; ಸ್ವಲ್ಪ ಹೊತ್ತಿನ ಬಳಿಕ ಎಂದಿನಂತೆ ತಿನ್ನತೊಡಗಿತು. ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ಪರಿಚಯದವರು ಹೇಳಿದ್ದರಿಂದ ಕಟಲ್‌ಬೋನ್ ತಂದು ಕಟ್ಟಿದೆವು, ಗಿಳಿ ಅದನ್ನು ಮುಟ್ಟುತ್ತಿಲ್ಲ. ಎಲೆಯಡಿಕೆಯ ಸುಣ್ಣವನ್ನು ಕುಡಿಯುವ ನೀರಿಗೆ ಹಾಕಿರಿ ಎಂದು ಮನೆಯ ಹಿರಿಯರು ಹೇಳುತ್ತಾರೆ, ಎಮ್ಮೆಗೆ ಕೊಡುವ ಕ್ಯಾಲ್ಸಿಯಂ ಔಷಧಿಯನ್ನೇ ಎರಡು ಹನಿ ಕೊಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಪಂಜರ ಗಾಜಿನ ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಬಿಸಿಲಿಗೆ ಕೊರತೆಯಿಲ್ಲ. ಗಿಳಿಗೆ ಬೇಕಾದಷ್ಟು ಕ್ಯಾಲ್ಸಿಯಂ ಸಿಗಲು ನಾವು ಏನು ಮಾಡಬೇಕು?

ಉತ್ತರ: ನೀವು ವಿವರಿಸಿದ ಘಟನೆಯನ್ನು ಒಮ್ಮೆ ಆಗಿ ಹೋದ ಆಕಸ್ಮಿಕವೆಂದು ದಯವಿಟ್ಟು ಬಿಟ್ಟುಬಿಡಬೇಡಿ. ಆಫ್ರಿಕನ್ ಗ್ರೇ ಗಿಳಿ ಕೋಲಿನಿಂದ ಬಿದ್ದು ನಡುಗಿತೆಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರಬಹುದೆಂಬ ಸಂಶಯವೇ ಪಶುವೈದ್ಯರಿಗೆ ಮೊದಲು ಬರುತ್ತದೆ, ಏಕೆಂದರೆ ಸಾಕುಗಿಳಿಗಳ ಪೈಕಿ ಈ ತೊಂದರೆ ಅತಿ ಹೆಚ್ಚಾಗಿ ಕಾಣುವುದು ಇದೇ ಜಾತಿಯಲ್ಲಿ. ರಕ್ತದ ಕ್ಯಾಲ್ಸಿಯಂ ಇಳಿದಾಗ ಕುತ್ತಿಗೆಯ ಬುಡದಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಲ್ಲಿ ಕೂಡಿಟ್ಟದ್ದನ್ನು ಬಿಡಿಸಿ ರಕ್ತಕ್ಕೆ ತರಬೇಕು. ಗ್ರೇ ಗಿಳಿಯಲ್ಲಿ ಈ ಕೆಲಸ ಸಾಕಷ್ಟು ಸರಾಗವಾಗಿ ನಡೆಯುವುದಿಲ್ಲ. ಹೀಗಾಗಿ ಎಕ್ಸ್‌ರೇಯಲ್ಲಿ ಮೂಳೆಗಳು ಗಟ್ಟಿಯಾಗಿಯೇ ಕಾಣುತ್ತಿದ್ದರೂ ಹಕ್ಕಿಗೆ ಸೆಳೆತ ಬರಬಹುದು. ಸೆಳೆತ ನಿಂತ ಮೇಲೆ ಅದು ಎಂದಿನಂತೆ ತಿಂದು ಕೂಗಾಡುವುದರಿಂದ ಮನೆಯವರು ನಿಶ್ಚಿಂತರಾಗುತ್ತಾರೆ, ಎರಡನೆಯ ಸೆಳೆತ ಮೊದಲಿನದಕ್ಕಿಂತ ತೀವ್ರವಾಗಿ ಬರುವ ಅಪಾಯ ಇರುವುದು ಆಗಲೇ.

ಆದರೂ ಬಿದ್ದ ಗಿಳಿಗೆಲ್ಲ ಕ್ಯಾಲ್ಸಿಯಂ ಕೊರತೆಯೇ ಇರುತ್ತದೆಂದು ಹೇಳಲಾಗದು. ಹಳೆಯ ಬಣ್ಣದ ಬಾಗಿಲನ್ನೋ ಗೋಡೆಯನ್ನೋ ಕೆರೆದು ತಿಂದ ಗಿಳಿಗೆ ಸೀಸದ ವಿಷ, ಸತುವಿನ ಲೇಪವಿರುವ ತಂತಿಯ ಪಂಜರವನ್ನು ಕಡಿಯುವ ಗಿಳಿಗೆ ಸತುವಿನ ವಿಷ, ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ಇವೆಲ್ಲವೂ ಇದೇ ಬಗೆಯ ನಡುಕವನ್ನು ತರಬಲ್ಲವು. ಇವನ್ನು ಬೇರ್ಪಡಿಸಲು ರಕ್ತಪರೀಕ್ಷೆ ಬೇಕು. ಪರೀಕ್ಷೆ ಮಾಡಿಸುವಾಗ ಒಟ್ಟು ಕ್ಯಾಲ್ಸಿಯಂ ಜೊತೆಗೆ ಅಯಾನು ರೂಪದ ಕ್ಯಾಲ್ಸಿಯಂ ಪ್ರಮಾಣವನ್ನೂ ನೋಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿರಿ. ರಕ್ತದ ಕ್ಯಾಲ್ಸಿಯಂನ ಒಂದು ಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ನರ ಮತ್ತು ಸ್ನಾಯುಗಳಿಗೆ ಉಪಯೋಗಕ್ಕೆ ಬರುವುದು ಅಂಟಿಕೊಳ್ಳದೆ ಉಳಿದ ಪಾಲು, ಅಂದರೆ ಅಯಾನು ಕ್ಯಾಲ್ಸಿಯಂ ಮಾತ್ರ. ಒಟ್ಟು ಅಂಕಿ ಸರಿಯಾಗಿ ಕಂಡರೂ ಈ ಉಳಿದ ಪಾಲು ಕಡಿಮೆಯಿರಬಹುದು. ಹಕ್ಕಿಯ ರಕ್ತ ತೆಗೆಯುವುದೆಂದರೆ ಭಯಪಡುವವರಿಗೆ ಒಂದು ಮಾತು: ಆರೋಗ್ಯವಾಗಿರುವ ಹಕ್ಕಿಯಿಂದ ಅದರ ತೂಕದ ನೂರಕ್ಕೆ ಒಂದು ಭಾಗದಷ್ಟು ರಕ್ತವನ್ನು ತೆಗೆಯುವುದು ಸುರಕ್ಷಿತ. 450 ಗ್ರಾಂ ತೂಗುವ ಗಿಳಿಗೆ ಅದು ಸುಮಾರು ನಾಲ್ಕೂವರೆ ಮಿಲಿಲೀಟರ್ ಆಯಿತು, ಪರೀಕ್ಷೆಗೆ ಬೇಕಾಗುವುದು ಅದಕ್ಕಿಂತ ಬಹಳ ಕಡಿಮೆ.

ಅಷ್ಟರೊಳಗೆ ಮತ್ತೊಮ್ಮೆ ಸೆಳೆತ ಬಂದರೆ ಎತ್ತರದ ಕೋಲುಗಳನ್ನು ತೆಗೆದು, ಪಂಜರದ ತಳಕ್ಕೆ ದಪ್ಪ ಟವೆಲ್ ಹಾಸಿ, ಬೆಳಕನ್ನು ಕಡಿಮೆ ಮಾಡಿ, ಹಕ್ಕಿಯನ್ನು ಅದರ ಪಾಡಿಗೆ ಬಿಡಿ. ಬಾಯಿಗೆ ನೀರು ಹನಿಸಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಸಾಧ್ಯವಾದರೆ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡು ಕೂಡಲೇ ವೈದ್ಯರ ಬಳಿಗೆ ಒಯ್ಯಿರಿ. ಕೊರತೆ ಖಚಿತವಾದರೆ ಅವರು ಕ್ಯಾಲ್ಸಿಯಂ ಗ್ಲುಕೊನೇಟ್ ಚುಚ್ಚುಮದ್ದು ಕೊಟ್ಟು, ಬಳಿಕ ಬಾಯಿಯ ಮೂಲಕ ಕೊಡಬೇಕಾದ ಔಷಧಿಯ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಬರೆದುಕೊಡುತ್ತಾರೆ.

ಈಗ ನಿಮಗೆ ಬಂದಿರುವ ಎರಡು ಸಲಹೆಗಳ ವಿಷಯ. ಎಲೆಯಡಿಕೆಯ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರ. ಗಿಳಿಯ ನಾಲಿಗೆಯನ್ನೂ ಆಹಾರಚೀಲದ ತೆಳು ಪೊರೆಯನ್ನೂ ಅದು ಸುಡುತ್ತದೆ. ತಿಳಿನೀರನ್ನು ಮಾತ್ರ ಸೋಸಿ ಕೊಡುತ್ತೇವೆ ಎಂದರೂ ಆ ನೀರು ಕ್ಷಾರವೇ. ಹಿರಿಯರು ಕಾಳಜಿಯಿಂದ ಹೇಳಿದ್ದಾರೆ, ಆದರೆ ಇದನ್ನು ಖಂಡಿತ ಮಾಡಬಾರದು. ಎಮ್ಮೆಯ ಔಷಧಿಯ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಅಂಥ ದ್ರಾವಣಗಳಲ್ಲಿ ಬಹುಪಾಲು ವಿಟಮಿನ್ ಡಿ3 ಕೂಡ ಬೆರೆತಿರುತ್ತದೆ ಮತ್ತು ಎಮ್ಮೆಯ ತೂಕ ನಿಮ್ಮ ಗಿಳಿಯ ತೂಕದ ಸುಮಾರು ಸಾವಿರ ಪಟ್ಟು ಇರುತ್ತದೆ. ಹನಿಗಳ ಅಂದಾಜಿನಲ್ಲಿ ಇಷ್ಟು ದೊಡ್ಡ ಅಂತರವನ್ನು ಸರಿದೂಗಿಸಲು ಆಗುವುದಿಲ್ಲ. ವಿಟಮಿನ್ ಡಿ3 ಮಿತಿ ಮೀರಿದರೆ ಕ್ಯಾಲ್ಸಿಯಂ ಮೂತ್ರಪಿಂಡದಲ್ಲಿಯೂ ರಕ್ತನಾಳಗಳ ಗೋಡೆಯಲ್ಲಿಯೂ ಹರಳುಗಟ್ಟುತ್ತದೆ, ಮೂತ್ರಪಿಂಡ ಕೆಟ್ಟು ಯೂರಿಕ್ ಆಮ್ಲ ದೇಹದಲ್ಲಿ ಶೇಖರವಾಗುತ್ತದೆ, ಮತ್ತು ಆ ಹಾನಿಯನ್ನು ಹಿಂದೆ ತರಲಾಗದು. ಮನುಷ್ಯರಿಗೆ ವಾರಕ್ಕೊಮ್ಮೆ ಕೊಡುವ 60,000 ಘಟಕಗಳ ವಿಟಮಿನ್ ಡಿ ಪೊಟ್ಟಣದ ಪುಡಿಯನ್ನು ಹಕ್ಕಿಯ ಬಟ್ಟಲಿಗೆ ಚಿಟಿಕೆಯಷ್ಟು ಹಾಕುವವರಿದ್ದಾರೆ. ಅದೂ ಇದೇ ಕಾರಣಕ್ಕೆ ಅಪಾಯಕರ. ಮೊಟ್ಟೆಕೋಳಿಗಳಿಗೆ ಕೊಡುವ ಸಿದ್ಧ ಆಹಾರದಲ್ಲಿ ಕ್ಯಾಲ್ಸಿಯಂ ಶೇಕಡಾ 3.5ರಿಂದ 4ರಷ್ಟಿರುತ್ತದೆ, ಗಿಳಿಗಳಿಗಾಗಿ ತಯಾರಿಸಿದ ಗುಳಿಗೆ (ಪೆಲೆಟ್) ಆಹಾರದಲ್ಲಿ ಸಾಮಾನ್ಯವಾಗಿ ಶೇಕಡಾ 1ರ ಒಳಗೆ. ಆದ್ದರಿಂದ ಕೋಳಿಯ ಆಹಾರವೂ ಬೇಡ.

ನಿಮ್ಮ ಗಿಳಿಯ ಬಟ್ಟಲಿನತ್ತ ಬರೋಣ. ಕೊರತೆಯ ಒಂದು ಮೂಲ ಅಲ್ಲೇ ಇದೆ. ಸುಲಿದ ಸೂರ್ಯಕಾಂತಿ ಬೀಜದ 100 ಗ್ರಾಂನಲ್ಲಿ ಕ್ಯಾಲ್ಸಿಯಂ ಸುಮಾರು 78 ಮಿಲಿಗ್ರಾಂ, ರಂಜಕ (ಫಾಸ್ಫರಸ್) ಸುಮಾರು 660 ಮಿಲಿಗ್ರಾಂ. ಗಿಳಿ ದಿನಕ್ಕೆ 30 ಗ್ರಾಂ ಬೀಜ ತಿಂದಿತೆಂದು ಇಟ್ಟುಕೊಂಡರೆ ಅದಕ್ಕೆ ದೊರೆತ ಕ್ಯಾಲ್ಸಿಯಂ 23 ಮಿಲಿಗ್ರಾಂ ಮಾತ್ರ, ಶೇಕಡಾ 0.7 ಕ್ಯಾಲ್ಸಿಯಂ ಇರುವ ಗುಳಿಗೆ ಆಹಾರವನ್ನು ಅಷ್ಟೇ ತೂಕ ತಿಂದಿದ್ದರೆ 210 ಮಿಲಿಗ್ರಾಂ ಸಿಗುತ್ತಿತ್ತು. ಕೊರತೆ ಇಷ್ಟಕ್ಕೇ ಮುಗಿಯುವುದಿಲ್ಲ. ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಅದರ ಎರಡು ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಈ ಬೀಜದಲ್ಲಿ ಲೆಕ್ಕ ತಲೆಕೆಳಗಾಗಿ ರಂಜಕವೇ ಎಂಟು ಪಟ್ಟು ಹೆಚ್ಚಿದೆ, ಮತ್ತು ಹೆಚ್ಚಾದ ರಂಜಕ ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಬರುತ್ತದೆ. ಬೀಜದ ಎಣ್ಣೆಯ ಅಂಶವೂ ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ವಸ್ತುವಾಗಿ ಮಲದಲ್ಲಿ ಹೊರಟುಹೋಗುತ್ತದೆ. ವರ್ಷಗಟ್ಟಲೆ ಎಣ್ಣೆಕಾಳು ತಿಂದ ಗಿಳಿಯ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ವಿಟಮಿನ್ ಡಿ ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಮಾರ್ಪಾಡಾದ ಮೇಲೆಯೇ ಕೆಲಸಕ್ಕೆ ಬರುವುದರಿಂದ ಯಕೃತ್ತು ಸೋತರೆ ಕ್ಯಾಲ್ಸಿಯಂ ಲೆಕ್ಕವೂ ಸೋಲುತ್ತದೆ. ಶೇಂಗಾದ ಸ್ಥಿತಿಯೂ ಹೆಚ್ಚು ಬೇರೆಯಲ್ಲ, ಜೊತೆಗೆ ತೇವದಲ್ಲಿ ಶೇಖರಿಸಿದ ಶೇಂಗಾದ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ನೇರವಾಗಿ ಯಕೃತ್ತನ್ನೇ ಕೆಡಿಸುತ್ತದೆ. ಮಳೆಗಾಲದ ಶೇಂಗಾವನ್ನು ಗಿಳಿಗೆ ಕೊಡದಿರುವುದೇ ಕ್ಷೇಮ.

ರೊಟ್ಟಿಯ ಬಗ್ಗೆ ನಮ್ಮ ಭಾಗದಲ್ಲಿ ಇರುವ ನಂಬಿಕೆ ದೊಡ್ಡದು, ಮನುಷ್ಯರ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಜೋಳದ 100 ಗ್ರಾಂನಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂಗಿಂತ ಕಡಿಮೆ. ರಾಗಿಯಲ್ಲಿ ಅದು ಸುಮಾರು 360 ಮಿಲಿಗ್ರಾಂ, ಮತ್ತು ರಾಗಿಯಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರುವುದು ಧಾನ್ಯಗಳಲ್ಲಿ ಅಪರೂಪದ ಗುಣ. ಗಿಳಿಗೆ ರೊಟ್ಟಿ ಕೊಡುವ ರೂಢಿಯಿದ್ದರೆ ಉಪ್ಪು ಹಾಕದ ರಾಗಿ ರೊಟ್ಟಿಯ ಚೂರನ್ನು ಕೊಡಿರಿ; ಮೊಳಕೆ ಬರಿಸಿದ ರಾಗಿಯಾದರೆ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಫೈಟೇಟ್ ಅಂಶ ಕಡಿಮೆಯಾಗಿ ಇನ್ನೂ ಉತ್ತಮ. ಮೊಳಕೆಯನ್ನು ದಿನಕ್ಕೆ ಎರಡು ಸಲ ತೊಳೆದು, ವಾಸನೆ ಬಂದರೆ ಚೆಲ್ಲಿಬಿಡಿ.

ಪಲ್ಲೆಗಳಲ್ಲಿ ಎಲ್ಲವೂ ಒಂದೇ ಅಲ್ಲ. ಹಸಿರು ಎಂದ ಕೂಡಲೇ ಜನ ಪಾಲಕ್ ಮತ್ತು ರಾಜಗಿರಿ ತರುತ್ತಾರೆ. ಇವೆರಡರಲ್ಲೂ ಆಕ್ಸಲೇಟ್ ಹೆಚ್ಚು, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ರಕ್ತಕ್ಕೆ ಹೋಗಗೊಡುವುದಿಲ್ಲ. ವಾರಕ್ಕೊಮ್ಮೆ ಒಂದೆರಡು ಎಲೆ ತಿಂದರೆ ತೊಂದರೆಯಿಲ್ಲ, ಆದರೆ ಕ್ಯಾಲ್ಸಿಯಂಗಾಗಿ ಅವನ್ನು ನೆಚ್ಚಬಾರದು. ನನ್ನ ಮೊದಲ ಆಯ್ಕೆ ನುಗ್ಗೆ ಸೊಪ್ಪು. ಅದರ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ವಿಟಮಿನ್ ಎಗೆ ಮೂಲವಾದ ಕ್ಯಾರೊಟಿನ್ ಕೂಡ ಧಾರಾಳವಾಗಿದೆ. ಕಾಳು ತಿಂದೇ ಬೆಳೆದ ಗಿಳಿಗಳಲ್ಲಿ ವಿಟಮಿನ್ ಎ ಕೊರತೆಯೂ ಬಹಳ ಸಾಮಾನ್ಯ. ಹುಬ್ಬಳ್ಳಿ, ಧಾರವಾಡದ ಹಳೆಯ ಓಣಿಗಳ ಹಿತ್ತಲುಗಳಲ್ಲಿ ನುಗ್ಗೆ ಮರ ಇನ್ನೂ ಉಳಿದಿದೆ, ಔಷಧಿ ಹೊಡೆಯದ ಸೊಪ್ಪು ಸಿಗುವ ಭರವಸೆಯೂ ಅಲ್ಲೇ ಹೆಚ್ಚು. ಮೆಂತ್ಯ ಪಲ್ಲೆ ಮತ್ತು ಕರಿಬೇವು ಕೂಡ ಒಳ್ಳೆಯವು. ಕರಿಬೇವಿನ 100 ಗ್ರಾಂನಲ್ಲಿ ಸುಮಾರು 650 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಗಿಳಿ ತಿನ್ನುವುದು ನಾಲ್ಕೈದು ಎಲೆಯಾದ್ದರಿಂದ ಅದನ್ನು ಪೂರಕವೆಂದಷ್ಟೇ ಎಣಿಸಬೇಕು. ಸಂತೆಯಿಂದ ತಂದ ಯಾವ ಪಲ್ಲೆಯನ್ನಾದರೂ ನೀರಿನಲ್ಲಿ ನೆನೆಸಿ, ಎರಡು ಮೂರು ಸಲ ತೊಳೆದೇ ಕೊಡಿರಿ. ಚಳಿಗಾಲದಲ್ಲಿ ಬರುವ ಕಡಲೆಯ ಸುಲಗಾಯಿಯನ್ನು ಗಿಡಸಮೇತ ಪಂಜರಕ್ಕೆ ಕಟ್ಟಿದರೆ ಗಿಳಿ ಬಿಡಿಸಿ ತಿನ್ನುತ್ತ ಗಂಟೆಗಟ್ಟಲೆ ಖುಷಿಯಾಗಿರುತ್ತದೆ. ಮೆಣಸಿನಕಾಯಿಯನ್ನು ನಿಲ್ಲಿಸಬೇಕಿಲ್ಲ, ಗಿಳಿಗೆ ಅದರ ಖಾರ ತಟ್ಟುವುದಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಕಾಫಿಗಳನ್ನು ಮಾತ್ರ ಯಾವ ಕಾರಣಕ್ಕೂ ಕೊಡಬಾರದು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಗಾಜಿನ ಕಿಟಕಿ. ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ದಾಟಲು ವಿಟಮಿನ್ ಡಿ3 ಬೇಕು. ಅದನ್ನು ಹಕ್ಕಿ ತನ್ನ ಚರ್ಮದಲ್ಲಿ ತಯಾರಿಸಿಕೊಳ್ಳಲು ಬಿಸಿಲಿನ ಅತಿನೇರಳೆ ಬಿ ಕಿರಣ, ಅಂದರೆ 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಕಿರಣ ಬೇಕು. ಕಿಟಕಿಯ ಗಾಜು ಬೆಳಕನ್ನೂ ಕಾವನ್ನೂ ಒಳಗೆ ಬಿಡುತ್ತದೆ, ಈ ಕಿರಣವನ್ನು ಬಹುತೇಕ ಪೂರ್ತಿಯಾಗಿ ತಡೆಯುತ್ತದೆ. ಆದ್ದರಿಂದ ನಿಮ್ಮ ಗಿಳಿ ಆರು ವರ್ಷ ಬೆಳಕಿನಲ್ಲಿ ಕುಳಿತಿದ್ದರೂ ಅದಕ್ಕೆ ಬೇಕಾದ ಬಿಸಿಲು ಸಿಕ್ಕಿಲ್ಲವೆಂದೇ ತಿಳಿಯಬೇಕು. ಇಂಗ್ಲೆಂಡಿನ ಪಶುವೈದ್ಯ ಮೈಕೆಲ್ ಸ್ಟ್ಯಾನ್‌ಫರ್ಡ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿನೇರಳೆ ಬಿ ಕಿರಣದ ದೀಪ ಹಾಕಿದಾಗ ಗ್ರೇ ಗಿಳಿಗಳ ರಕ್ತದ ಅಯಾನು ಕ್ಯಾಲ್ಸಿಯಂ ಅವು ತಿನ್ನುವ ಆಹಾರ ಯಾವುದೇ ಇದ್ದರೂ ಏರಿತು. ದಕ್ಷಿಣ ಅಮೆರಿಕದ ಪಯೋನಸ್ ಗಿಳಿಗಳಲ್ಲಿ ಹಾಗಾಗಲಿಲ್ಲ. ಆಫ್ರಿಕಾದ ಭೂಮಧ್ಯರೇಖೆಯ ಕಾಡುಗಳಿಂದ ಬಂದ ಈ ಹಕ್ಕಿಗೆ ಬಿಸಿಲು ಬೇರೆ ಗಿಳಿಗಳಿಗಿಂತ ಹೆಚ್ಚು ಅವಶ್ಯ ಎಂಬುದಕ್ಕೆ ನಾನು ಇದನ್ನು ಬಲವಾದ ಆಧಾರವೆಂದು ಪರಿಗಣಿಸುತ್ತೇನೆ.

ಇಂಗ್ಲೆಂಡಿನಲ್ಲಿ ದೀಪ ಬೇಕಾಯಿತು, ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮಗೆ ವರ್ಷದ ಬಹುಭಾಗ ಅದರ ಅಗತ್ಯವಿಲ್ಲ. ಪಂಜರವನ್ನು ಅಂಗಳಕ್ಕೋ ಮಾಳಿಗೆಗೋ ಒಯ್ದು ನೇರ ಬಿಸಿಲಿನಲ್ಲಿ ದಿನಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ವಾರಕ್ಕೆ ನಾಲ್ಕೈದು ದಿನ ಇರಿಸಿದರೆ ಒಳ್ಳೆಯ ಫಲ ಕಾಣಬಹುದು. ಸಮಯದ ವಿಷಯದಲ್ಲಿ ಎಚ್ಚರ ಬೇಕು: ಸೂರ್ಯ ಆಗತಾನೇ ಹುಟ್ಟಿದಾಗಿನ ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ಸೂರ್ಯ ಕೆಳಗಿರುವಾಗ ಈ ಕಿರಣ ವಾತಾವರಣದಲ್ಲೇ ಹೀರಿಹೋಗುತ್ತದೆ. ಬೆಳಿಗ್ಗೆ ಒಂಬತ್ತರ ಸುಮಾರಿನ ಬಿಸಿಲು ಕೆಲಸಕ್ಕೂ ಬರುತ್ತದೆ, ಸಹಿಸಲೂ ಆಗುತ್ತದೆ. ಪಂಜರದ ಅರ್ಧಕ್ಕೆ ಬಟ್ಟೆ ಹೊದಿಸಿ ನೆರಳು ಮಾಡಿ, ನೀರಿಟ್ಟು, ಗಿಳಿ ತಾನಾಗಿ ನೆರಳಿಗೆ ಸರಿಯುವಂತೆ ಇರಲಿ. ಅದು ಬಾಯಿ ತೆರೆದು ಏದುಸಿರು ಬಿಡುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಕೂಡಲೇ ಒಳಗೆ ತರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹದಿನೈದು ನಿಮಿಷವೇ ಸಾಕು. ಮಂಗ, ಬೆಕ್ಕು, ಹದ್ದುಗಳ ಕಾಟವಿರುವುದರಿಂದ ಪಕ್ಕದಲ್ಲಿ ಯಾರಾದರೂ ಕುಳಿತಿರಲೇಬೇಕು. ಗಿಳಿಯನ್ನು ಹೊರಗೆ ಬಿಟ್ಟು ಒಳಗೆ ಕೆಲಸ ನೋಡುವುದು ಸರಿಯಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತು ಬೇರೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಹುಬ್ಬಳ್ಳಿಯಲ್ಲೂ ಮೋಡವೇ ಹೆಚ್ಚು. ಗದಗ ಮತ್ತು ಹಾವೇರಿಯ ಬಯಲಿನವರಿಗೆ ಈ ತೊಂದರೆ ಅಷ್ಟಿಲ್ಲ. ಮೋಡ ಸರಿದ ದಿನ ತಪ್ಪದೆ ಹೊರಗೆ ತನ್ನಿರಿ. ಸಾಧ್ಯವಿದ್ದರೆ ಪಕ್ಷಿಗಳಿಗೆಂದೇ ತಯಾರಾದ ಅತಿನೇರಳೆ ಬಿ ದೀಪವನ್ನು ಪಂಜರದ ಮೇಲ್ಭಾಗದಿಂದ, ತಯಾರಕರು ಸೂಚಿಸಿದ ದೂರದಲ್ಲಿ, ನಡುವೆ ಗಾಜಾಗಲಿ ಪ್ಲಾಸ್ಟಿಕ್ ಆಗಲಿ ಇಲ್ಲದಂತೆ ತೂಗುಹಾಕಬಹುದು. ದೀಪ ಉರಿಯುತ್ತಲೇ ಇದ್ದರೂ ಅದರ ಈ ಕಿರಣ ತಿಂಗಳುಗಳಲ್ಲಿ ಕ್ಷೀಣಿಸುವುದರಿಂದ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕಾಗುತ್ತದೆ. ಮರುಭೂಮಿಯ ಹಲ್ಲಿಗಳಿಗಾಗಿ ಮಾರುವ ದೀಪವನ್ನು ತರಬೇಡಿ, ಗಿಳಿಯ ಕಣ್ಣಿಗೆ ಅದು ಅತಿ ತೀಕ್ಷ್ಣ.

ಕಟಲ್‌ಬೋನ್ ಎಂಬುದು ಕಡಲಜೀವಿಯೊಂದರ ಒಳಚಿಪ್ಪು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಚಿಕ್ಕ ಗಿಳಿಗಳು ಅದನ್ನು ಕೆರೆದು ತಿನ್ನುತ್ತವೆ, ಗ್ರೇಯಂಥ ದೊಡ್ಡ ಗಿಳಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ ಅಥವಾ ಪುಡಿಮಾಡಿ ಕೆಳಗೆ ಚೆಲ್ಲುತ್ತವೆ. ಅದನ್ನು ಚಾಕುವಿನಿಂದ ಕೆರೆದು ಪುಡಿಯನ್ನು ಒದ್ದೆ ಆಹಾರದಲ್ಲಿ ಬೆರೆಸಿರಿ. ಮನೆಯಲ್ಲಿ ಮೊಟ್ಟೆ ತಿನ್ನುವವರಾದರೆ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸರ್‌ನಲ್ಲಿ ನುಣ್ಣಗೆ ಪುಡಿಮಾಡಿ ಇಟ್ಟುಕೊಳ್ಳಬಹುದು. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ, ತೂಕದ ಸುಮಾರು ಶೇಕಡಾ 40 ಕ್ಯಾಲ್ಸಿಯಂ. ವಾರಕ್ಕೆ ಎರಡು ಮೂರು ದಿನ ಒಂದು ಸಣ್ಣ ಚಿಟಿಕೆ ಸಾಕು. ಬಹಳ ಮನೆಗಳಲ್ಲಿ ಈ ಪುಡಿಯನ್ನು ಒಣಬೀಜದ ಮೇಲೆ ಉದುರಿಸುತ್ತಾರೆ. ಗಿಳಿ ಬೀಜದ ಸಿಪ್ಪೆ ಸುಲಿದು ತಿರುಳನ್ನು ಮಾತ್ರ ತಿನ್ನುವುದರಿಂದ ಪುಡಿಯೆಲ್ಲ ಸಿಪ್ಪೆಯ ಜೊತೆ ತಟ್ಟೆಗೆ ಬೀಳುತ್ತದೆ. ಬೇಯಿಸಿದ ಗೆಣಸು, ರಾಗಿ ರೊಟ್ಟಿ, ತೊಳೆದ ಒದ್ದೆ ಮೆಂತ್ಯ ಪಲ್ಲೆ, ಇವಕ್ಕೆ ಅಂಟಿಸಿದರೆ ಹೊಟ್ಟೆಗೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಬೆರೆಸುವ ಪುಡಿಗಳನ್ನು ನಾನು ಸೂಚಿಸುವುದಿಲ್ಲ. ಎಷ್ಟು ಕುಡಿಯಿತೆಂಬುದು ತಿಳಿಯುವುದಿಲ್ಲ, ರುಚಿ ಕೆಟ್ಟರೆ ಹಕ್ಕಿ ನೀರನ್ನೇ ಬಿಡುತ್ತದೆ. ಮುಂದೆ ಗಿಳಿ ಗುಳಿಗೆ ಆಹಾರವನ್ನೇ ಮುಖ್ಯವಾಗಿ ತಿನ್ನಲು ಕಲಿತರೆ, ವೈದ್ಯರು ಹೇಳದ ಹೊರತು ಈ ಯಾವ ಪುಡಿಯೂ ಬೇಡ.

ಆರು ವರ್ಷದ ರೂಢಿಯನ್ನು ಆರು ದಿನದಲ್ಲಿ ಬದಲಿಸಲು ಹೋಗಬೇಡಿ. ಗ್ರೇ ಗಿಳಿ ಹೊಸದನ್ನು ಕಂಡರೆ ಅಂಜುತ್ತದೆ. ಬೀಜವನ್ನು ಒಮ್ಮೆಲೇ ತೆಗೆದರೆ ಉಪವಾಸ ಕೂರುತ್ತದೆ, ಈಗಾಗಲೇ ಸೆಳೆತ ಬಂದಿರುವ ಹಕ್ಕಿಗೆ ಅದು ಅಪಾಯ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ತಂದು ಪ್ರತಿದಿನ ಬೆಳಿಗ್ಗೆ ತಿನ್ನುವ ಮೊದಲು ತೂಕ ಬರೆದಿಡಿ. ತೂಕ ಹತ್ತರಲ್ಲಿ ಒಂದು ಭಾಗ ಇಳಿಯುವ ಮೊದಲೇ ಹಳೆಯ ಆಹಾರಕ್ಕೆ ಮರಳಬೇಕು. ಬೆಳಗಿನ ಹಸಿವಿನಲ್ಲಿ ಪಲ್ಲೆ, ಮೊಳಕೆ, ನೆನೆಸಿದ ಗುಳಿಗೆ. ಎರಡು ಗಂಟೆಯ ಬಳಿಕ ಮೊದಲಿಗಿಂತ ಸ್ವಲ್ಪ ಕಡಿಮೆ ಬೀಜ. ಪಲ್ಲೆಯನ್ನು ಹೆಚ್ಚಿ ಬಟ್ಟಲಿಗೆ ಹಾಕುವುದಕ್ಕಿಂತ ನೀರು ಚಿಮುಕಿಸಿ ಕಟ್ಟಾಗಿ ತೂಗುಹಾಕಿದರೆ ಅದು ಆಟವೆಂದುಕೊಂಡು ಕಡಿಯುತ್ತದೆ, ಕಡಿಯುತ್ತ ರುಚಿ ಕಲಿಯುತ್ತದೆ. ಮನೆಯವರು ಅದರ ಎದುರು ಅದೇ ಎಲೆಯನ್ನು ತಿಂದು ತೋರಿಸುವುದು ಇನ್ನೂ ಪರಿಣಾಮಕಾರಿ. ಎರಡು ಮೂರು ತಿಂಗಳು ಹಿಡಿದರೂ ಬೇಸರಿಸಬೇಡಿ.

ಗಿಳಿ ಗಂಡೋ ಹೆಣ್ಣೋ ಎಂದು ನೀವು ಬರೆದಿಲ್ಲ. ಈ ಜಾತಿಯಲ್ಲಿ ನೋಡಿ ಹೇಳುವುದು ಕಷ್ಟ, ಕಿತ್ತ ಗರಿಯ ಡಿಎನ್‌ಎ ಪರೀಕ್ಷೆಯಿಂದ ತಿಳಿಯುತ್ತದೆ. ಹೆಣ್ಣಾಗಿದ್ದರೆ ಗಂಡಿಲ್ಲದೆಯೂ ಮೊಟ್ಟೆ ಇಡಬಹುದು, ಆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅದರ ದೇಹದಿಂದಲೇ ಹೋಗುತ್ತದೆ, ಕೊರತೆಯಿದ್ದರೆ ಗರ್ಭಾಶಯದ ಸ್ನಾಯು ಸೋತು ಮೊಟ್ಟೆ ಸಿಕ್ಕಿಕೊಳ್ಳುತ್ತದೆ. ಪಂಜರದ ತಳದಲ್ಲಿ ಗರಿ ಉಬ್ಬಿಸಿ ಕುಳಿತು ಬಾಲ ಕುಣಿಸುತ್ತ ತಿಣುಕುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ವೈದ್ಯರಲ್ಲಿಗೆ ಹೋಗುವಾಗ ತೂಕದ ಪಟ್ಟಿ, ಚಿತ್ರೀಕರಣ, ಈಗ ಕೊಡುತ್ತಿರುವ ಪ್ರತಿ ಆಹಾರದ ವಿವರವನ್ನು ಒಯ್ಯಿರಿ. ಈ ಗಿಳಿ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವುದರಿಂದ 2024ರ ನಿಯಮಗಳಂತೆ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸುವುದೂ ಕಡ್ಡಾಯ. ಆಗಿರದಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ. ನಮ್ಮ ಊರಿನ ಹಸಿರು ಗಿಳಿಗಳನ್ನು ಸಾಕುವುದನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಆಹಾರ ಮತ್ತು ಬಿಸಿಲಿನ ಕ್ರಮ ಆರಂಭಿಸಿ ಎರಡು ತಿಂಗಳಾದ ಮೇಲೆ ಮತ್ತೊಮ್ಮೆ ರಕ್ತಪರೀಕ್ಷೆ ಮಾಡಿಸಿರಿ, ಮುಂದಿನ ಮಳೆಗಾಲದ ಕೊನೆಯಲ್ಲಿ ಇನ್ನೊಮ್ಮೆ. ಸೆಳೆತ ಮರಳಿ ಬಾರದಿದ್ದರೂ ಈ ಎರಡು ಪರೀಕ್ಷೆಗಳನ್ನು ತಪ್ಪಿಸಬೇಡಿ.